ಹುಬ್ಬಳ್ಳಿಯಿಂದ ಮೂರು ವಾರದ ಕಾರು ಪ್ರವಾಸ: ಕನ್ಯಾಕುಮಾರಿಯೋ, ಜೈಸಲ್ಮೇರೋ, ಪುರಿಯೋ?

ರಜೆ ಸಿಕ್ಕಿದೆ, ಗಾಡಿ ಮನೆ ಮುಂದಿದೆ, ಯಾವ ಕಡೆ ಮುಖ ಮಾಡಬೇಕು ಎಂಬುದು ಮಾತ್ರ ಬಗೆಹರಿಯುತ್ತಿಲ್ಲ. ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿಯವರಿಗೆ ಈ ಗೊಂದಲ ಉಳಿದವರಿಗಿಂತ ಹೆಚ್ಚು, ಏಕೆಂದರೆ ನಮ್ಮಲ್ಲಿ ದಾರಿಗಳಿಗೆ ಬರವಿಲ್ಲ. ಪುಣೆ–ಬೆಂಗಳೂರಿನ ರಾಷ್ಟ್ರೀಯ ಹೆದ್ದಾರಿ 48 ಇಲ್ಲೇ ಹಾದು ಹೋಗುತ್ತದೆ. ಅಂಕೋಲಾದಿಂದ ಬರುವ ಹೆದ್ದಾರಿ 52 ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ, ಧುಳೆ, ಇಂದೋರ್, ಕೋಟಾ ದಾಟಿ ನೇರವಾಗಿ ಜೈಪುರ ಸೇರುತ್ತದೆ, ಅಲ್ಲಿಂದಲೂ ಮುಂದೆ ಪಂಜಾಬಿನ ಸಂಗ್ರೂರ್‌ವರೆಗೆ ಹೋಗುತ್ತದೆ. ಹೆದ್ದಾರಿ 67 ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿಯ ಮೇಲೆ ಆಂಧ್ರದ ಕಡೆ ಇಳಿಯುತ್ತದೆ. ಮೂರು ಹೆದ್ದಾರಿಗೆ ಮೂರು ದೊಡ್ಡ ಸುತ್ತುಗಳು ಹೊಂದುತ್ತವೆ. ಇಲ್ಲಿ ತೂಗಿ ನೋಡುವುದು ಇವನ್ನೇ: ತಮಿಳುನಾಡು–ಕೇರಳದ ದಕ್ಷಿಣ ಸುತ್ತು, ಮಾಳ್ವ (ಇಂದೋರ್–ಉಜ್ಜಯಿನಿಯ ಸೀಮೆ)–ರಾಜಸ್ಥಾನ–ಗುಜರಾತಿನ ಸುತ್ತು, ಮತ್ತು ಶ್ರೀಶೈಲದ ಮೇಲೆ ಪುರಿ–ಕೋಣಾರ್ಕದ ದಾರಿ.

ಲಡಾಖ್ ಈ ಪಟ್ಟಿಯಲ್ಲಿ ಇಲ್ಲ. ಹುಬ್ಬಳ್ಳಿಯಿಂದ ದಿಲ್ಲಿ, ಮನಾಲಿಯ ಮೇಲೆ ಲೇಹ್ ಮುಟ್ಟಿ ಬರಲು 5,500 ಕಿಮೀ ಮೇಲಾಗುತ್ತದೆ. ಅಷ್ಟು ಎತ್ತರಕ್ಕೆ ಮೈ ಒಗ್ಗಲು ಎರಡು–ಮೂರು ದಿನ ಬೇರೆ ಬೇಕು. ಐದು ವಾರ ಇದ್ದವರು ಮಾತ್ರ ಅದರ ವಿಚಾರ ಮಾಡಬೇಕು.

ಮೊದಲು ಅಳತೆ, ಆಮೇಲೆ ದಾರಿ

ನೋಡುವ ಜಾಗಗಳ ಪಟ್ಟಿ ಹಿಡಿದು ದಾರಿ ಆರಿಸಿದವರು ಎರಡನೇ ವಾರದಲ್ಲಿ ಸುಸ್ತಾಗುತ್ತಾರೆ. ಪಟ್ಟಿ ಬರೆಯುವ ಮೊದಲು ನಾಲ್ಕು ಲೆಕ್ಕ ಮಾಡಿಕೊಳ್ಳಬೇಕು.

ಮೊದಲನೆಯದು ಸ್ಟಿಯರಿಂಗ್ ಹಿಂದಿನ ತಾಸುಗಳು. ಒಬ್ಬರೇ ಓಡಿಸುವವರಾದರೆ ದಿನಕ್ಕೆ ಆರು ತಾಸು ಮಿತಿ. ಆರು ತಾಸಿಗೆ ನಾಲ್ಕು ಪಥದ ರಸ್ತೆಯಲ್ಲಿ ಸುಮಾರು 350 ಕಿಮೀ, ಎರಡು ಪಥದಲ್ಲಿ 220, ಘಾಟಿನಲ್ಲಿ 120–150 ಆದೀತು. 21 ದಿನಗಳಲ್ಲಿ ಏಳು ದಿನ ಗಾಡಿ ಹೊರಗೆ ತೆಗೆಯಲೇಬಾರದು ಎಂದಿಟ್ಟುಕೊಳ್ಳಿ. ಉಳಿದ 14 ದಿನಕ್ಕೆ ಸರಾಸರಿ 250 ಕಿಮೀ ಹಿಡಿದರೆ 3,500 ಕಿಮೀ ಬರುತ್ತದೆ. ಒಬ್ಬ ಚಾಲಕನ ಮೂರು ವಾರದ ಅಳತೆ ಅಷ್ಟೇ. ಅದರ ಮೇಲೆ ಹೋಗುವ ಯಾವ ಯೋಜನೆಗೂ ಇನ್ನೊಬ್ಬ ಚಾಲಕ ಬೇಕು, ಇಲ್ಲವೇ ಇನ್ನೊಂದು ವಾರ ಬೇಕು.

ಎರಡನೆಯದು ಬರೀ ದಾಟುವ ದಾರಿ ಎಷ್ಟು ಎಂಬುದು. ನೋಡಬೇಕಾದ ಪ್ರದೇಶ ಮುಟ್ಟಲಿಕ್ಕಷ್ಟೇ ಓಡಿಸುವ, ನಡುವೆ ಇಳಿಯಬೇಕೆನಿಸದ ಕಿಲೋಮೀಟರುಗಳು ಇವು. ಕಾರಿನಲ್ಲೇ ಹೋಗಬೇಕೋ, ರೈಲಿನಲ್ಲಿ ಹೋಗಿ ಅಲ್ಲಿ ಗಾಡಿ ಹಿಡಿಯಬೇಕೋ ಎಂಬುದನ್ನು ತೀರ್ಮಾನಿಸುವುದು ಈ ಅಂಕಿ. ಒಟ್ಟು ದೂರದ ಕಾಲುಭಾಗಕ್ಕಿಂತ ಇದು ಹೆಚ್ಚಾದರೆ ಸ್ವಂತ ಗಾಡಿಯ ಲಾಭ ಕರಗುತ್ತ ಹೋಗುತ್ತದೆ.

ಮೂರನೆಯದು ನಿಮಗೆ ಸಿಗುವ ತಿಂಗಳು. ಶಾಲೆಗೆ ಹೋಗುವ ಮಕ್ಕಳಿದ್ದರೆ ಮೂರು ವಾರ ಒಟ್ಟಿಗೆ ಸಿಗುವುದು ಏಪ್ರಿಲ್–ಮೇ ಸೂಟಿಯಲ್ಲಿ ಮಾತ್ರ, ದಸರೆಯ ರಜೆ ಅಷ್ಟು ಉದ್ದ ಬರುವುದಿಲ್ಲ. ಒಕ್ಕಲುತನದ ಮನೆಗಳಿಗೆ ಹಿಂಗಾರಿ ಜೋಳ, ಕಡಲೆಯ ರಾಶಿ ಮುಗಿದ ಮೇಲೆ, ಅಂದರೆ ಫೆಬ್ರವರಿ ಕೊನೆಯಿಂದ ಯುಗಾದಿಯವರೆಗೆ ಬಿಡುವು. ಅಂಗಡಿಕಾರರಿಗೆ ದೀಪಾವಳಿಯ ಗದ್ದಲ ಕಳೆದ ಮೇಲೆ. ನಿವೃತ್ತರಿಗಷ್ಟೇ ಎಲ್ಲ ತಿಂಗಳೂ ತೆರೆದಿವೆ.

ನಾಲ್ಕನೆಯದು ದುಡ್ಡು. ಇದರಲ್ಲಿ ಬಹಳಷ್ಟು ಜನ ತಪ್ಪು ಕಡೆ ಲೆಕ್ಕ ಹಾಕುತ್ತಾರೆ. ಲೀಟರಿಗೆ 16 ಕಿಮೀ ಕೊಡುವ ಪೆಟ್ರೋಲ್ ಕಾರು, ಲೆಕ್ಕಕ್ಕೆ ಲೀಟರಿಗೆ 105 ರೂಪಾಯಿ ಹಿಡಿದರೆ, ಕಿಲೋಮೀಟರಿಗೆ ಸುಮಾರು ಆರೂವರೆ ರೂಪಾಯಿ ಇಂಧನ. 3,000 ಕಿಮೀಗೆ 20,000 ರೂಪಾಯಿ, 4,500ಕ್ಕೆ 29,500. ಅತಿ ಚಿಕ್ಕ ಸುತ್ತಿಗೂ ಅತಿ ದೊಡ್ಡ ಸುತ್ತಿಗೂ ಇಂಧನದ ಅಂತರ ಹತ್ತು ಸಾವಿರದ ಒಳಗೆ. ಅದೇ ರಾತ್ರಿಗೆ 2,000 ರೂಪಾಯಿಯ ಒಂದು ಕೋಣೆ ಇಪ್ಪತ್ತು ರಾತ್ರಿಗೆ 40,000. ಅಜ್ಜ–ಅಜ್ಜಿ ಬಂದರೆ ಎರಡನೇ ಕೋಣೆಗೆ ಇನ್ನೊಂದು 40,000. ನಾಲ್ಕು ಮಂದಿಯ ಊಟ–ಚಹಕ್ಕೆ ದಿನಕ್ಕೆ 1,500 ಎಂದರೆ 31,500. ಹಾಗಾಗಿ ಖರ್ಚು ತಗ್ಗಿಸಬೇಕಾದವರು ದಾರಿ ಗಿಡ್ಡ ಮಾಡುವ ಬದಲು ಕೋಣೆಯ ಕಡೆ ನೋಡಬೇಕು. ದೇವಸ್ಥಾನದ ಊರುಗಳಲ್ಲಿ ಯಾತ್ರಿ ನಿವಾಸ, ಧರ್ಮಶಾಲೆಗಳಿವೆ. ವಾರದ ಕೊನೆಯ ರಾತ್ರಿಗಳನ್ನು ದೊಡ್ಡ ಪ್ರವಾಸಿ ತಾಣಗಳಲ್ಲಿ ಕಳೆಯದೆ ನಡುವಿನ ಸಾದಾ ಊರಿನಲ್ಲಿ ಕಳೆದರೂ ದರ ಇಳಿಯುತ್ತದೆ.

ದಕ್ಷಿಣದ ಸುತ್ತು

ಹುಬ್ಬಳ್ಳಿ, ತುಮಕೂರು, ಸೇಲಂ, ತಿರುಚ್ಚಿ, ತಂಜಾವೂರು, ಮದುರೈ, ರಾಮೇಶ್ವರ, ಕನ್ಯಾಕುಮಾರಿ, ತಿರುವನಂತಪುರ, ಕೊಚ್ಚಿ, ಕೋಝಿಕ್ಕೋಡ್, ಮಂಗಳೂರು, ಮುರ್ಡೇಶ್ವರ, ಅಂಕೋಲಾ, ಯಲ್ಲಾಪುರ, ಮರಳಿ ಹುಬ್ಬಳ್ಳಿ. ಸುಮಾರು 2,600 ಕಿಮೀ. ಮುನ್ನಾರ್ ಅಥವಾ ಕೊಡೈಕೆನಾಲ್ ಸೇರಿಸಿ, ಊರೊಳಗಿನ ಓಡಾಟ ಕೂಡಿದರೆ 3,000. ಹೋದ ದಾರಿಯಲ್ಲಿ ತಿರುಗಿ ಬರುವ ಪ್ರಮೇಯವೇ ಇಲ್ಲ. ಬರೀ ದಾಟುವ ದಾರಿ ಎಂದರೆ ಚಿತ್ರದುರ್ಗದಿಂದ ಸೇಲಂವರೆಗಿನದು, ಒಟ್ಟಿನ ಏಳನೆಯ ಒಂದು ಭಾಗ. ಈ ಲೆಕ್ಕದಲ್ಲಿ ಮೂರರೊಳಗೆ ಇದೇ ಮೇಲು.

ಬೆಂಗಳೂರನ್ನು ದಾಟುವ ಹೊತ್ತನ್ನು ಮೊದಲೇ ಗೊತ್ತು ಮಾಡಿ. ಮೊದಲ ದಿನ ಚಿತ್ರದುರ್ಗದ ಕೋಟೆ ನೋಡಿಕೊಂಡು ತುಮಕೂರಿನಲ್ಲಿ ತಂಗಿ. ಮರುದಿನ ಬೆಳಗಿನ ಐದಕ್ಕೆ ಹೊರಟು ಬೆಂಗಳೂರಿನ ಹೊರಗಿನಿಂದ ಹಾಯುವ ನೈಸ್ ಟೋಲ್ ರಸ್ತೆಯ ಮೇಲೆ ಏಳರೊಳಗೆ ಹೊಸೂರು ದಾರಿ ಸೇರಿದರೆ ಸೇಲಂ ಮಧ್ಯಾಹ್ನದೊಳಗೆ ಸಿಗುತ್ತದೆ. ಎಂಟರ ನಂತರ ಹೋದರೆ ಅದೇ ತುಣುಕು ಎರಡು ತಾಸು ಹೆಚ್ಚು ನುಂಗುತ್ತದೆ. ಗದಗಿನವರು ಹುಬ್ಬಳ್ಳಿಗೆ ಬರುವುದೇ ಬೇಡ: ಹೊಸಪೇಟೆಗೆ ಹೋಗಿ ಹೆದ್ದಾರಿ 50 ಹಿಡಿದರೆ ಚಿತ್ರದುರ್ಗದವರೆಗೆ ನಾಲ್ಕು ಪಥ.

ತಮಿಳುನಾಡಿನ ದೇವಸ್ಥಾನಗಳು ಸಾಮಾನ್ಯವಾಗಿ ಮಧ್ಯಾಹ್ನ ಹನ್ನೆರಡೂವರೆಯಿಂದ ನಾಲ್ಕರವರೆಗೆ ಮುಚ್ಚಿರುತ್ತವೆ. ದಿನದ ಯೋಜನೆಯನ್ನೇ ಇದಕ್ಕೆ ತಿರುಗಿಸಬೇಕು. ಬೆಳಗ್ಗೆ ಒಂದು ಊರಿನ ಗುಡಿ, ಮಧ್ಯಾಹ್ನ ಪ್ರಯಾಣ, ಸಂಜೆ ಮುಂದಿನ ಊರಿನ ಗುಡಿ. ತಿರುಚ್ಚಿಯಿಂದ ತಂಜಾವೂರು 60 ಕಿಮೀ ಒಳಗೆ, ತಂಜಾವೂರಿನಿಂದ ಮದುರೈ 190, ಮದುರೈಯಿಂದ ರಾಮೇಶ್ವರ 175. ಎಲ್ಲವೂ ಮಧ್ಯಾಹ್ನದ ಬಿಡುವಿನಲ್ಲಿ ಕೂಡುವ ದೂರಗಳೇ. ಮದುರೈ ಮೀನಾಕ್ಷಿ ಗುಡಿಯೊಳಗೆ ಮೊಬೈಲ್ ಬಿಡುವುದಿಲ್ಲ. ತಿರುವನಂತಪುರದ ಪದ್ಮನಾಭಸ್ವಾಮಿ ಗುಡಿಗೆ ಗಂಡಸರು ಪಂಚೆ ಉಟ್ಟೇ ಹೋಗಬೇಕು, ಅಂಗಿ ಇಲ್ಲದೆ. ಒಂದು ಜೊತೆ ಧೋತರ ಚೀಲದ ಮೇಲ್ಭಾಗದಲ್ಲೇ ಇರಲಿ.

ಕೇರಳದಲ್ಲಿ ದೂರ ನಂಬಬೇಡಿ, ತಾಸು ನಂಬಿ. ಊರಿಗೂ ಊರಿಗೂ ನಡುವೆ ಬಯಲೇ ಇಲ್ಲ, ಹೆದ್ದಾರಿ 66ರ ಅಗಲೀಕರಣವೂ ಅಲ್ಲಲ್ಲಿ ತಡೆಯುತ್ತದೆ. ತಿರುವನಂತಪುರದಿಂದ ಕೊಚ್ಚಿಗೆ 200 ಕಿಮೀ ಆಸುಪಾಸು, ಆದರೆ ಐದರಿಂದ ಆರು ತಾಸು ಇಟ್ಟುಕೊಳ್ಳಿ. ನಡುವೆ ಆಲಪ್ಪುಳದಲ್ಲಿ ಒಂದು ರಾತ್ರಿ ಹಾಕಿದರೆ ಆ ದಿನ ಎರಡು ಸಣ್ಣ ದಿನಗಳಾಗುತ್ತವೆ. ಕರಾವಳಿಯ ಬದಲು ವಯನಾಡಿನ ಮೇಲೆ ಬರುತ್ತೇವೆ ಎನ್ನುವವರು ನೆನಪಿಡಬೇಕಾದದ್ದು, ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಗಿನ 6ರವರೆಗೆ ಮುಚ್ಚಿರುತ್ತದೆ. ಊಟಿ ಮತ್ತು ಕೊಡೈಕೆನಾಲ್‌ಗೆ 2024ರ ಮೇ ತಿಂಗಳಿನಿಂದ ಇ–ಪಾಸ್ ಕಡ್ಡಾಯವಾಗಿದೆ. ಗಾಡಿ ನಂಬರು ಹಾಕಿ ಆನ್‌ಲೈನಿನಲ್ಲಿ ತೆಗೆದುಕೊಳ್ಳಬೇಕು. ಬೇಸಿಗೆಯ ವಾರಾಂತ್ಯದಲ್ಲಿ ಸಂಖ್ಯೆಗೆ ಮಿತಿ ಇರುವುದರಿಂದ ಕೋಣೆ ಕಾಯ್ದಿರಿಸುವ ಮೊದಲು ಪಾಸ್ ನೋಡಿ.

ಕಾಲದ ವಿಷಯದಲ್ಲಿ ಈ ಸುತ್ತು ನಾಜೂಕು. ಅಕ್ಟೋಬರ್ ನಡುವಿನಿಂದ ಡಿಸೆಂಬರ್‌ವರೆಗೆ ತಮಿಳುನಾಡಿನಲ್ಲಿ ಹಿಂಗಾರು ಮಳೆ ಸುರಿಯುತ್ತದೆ. ನವೆಂಬರ್ ನಡುವಿನಿಂದ ಮಕರ ಸಂಕ್ರಾಂತಿಯವರೆಗೆ ಅಯ್ಯಪ್ಪ ಮಾಲಾಧಾರಿಗಳಿಂದ ಕೇರಳದ ರಸ್ತೆ, ಕೋಣೆ ಎರಡೂ ತುಂಬಿರುತ್ತವೆ, ಅದರ ಹಿಂದೆಯೇ ಪೊಂಗಲ್. ಜನವರಿ ಕೊನೆಯ ವಾರದಿಂದ ಮಾರ್ಚ್ ಮೊದಲ ವಾರದವರೆಗೆ ಇದಕ್ಕೆ ಅತ್ಯುತ್ತಮ ಹೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊನೆಯ ತುಣುಕು ಅಪಾಯದ್ದು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಇದೇ ಹೆದ್ದಾರಿ 66ರ ಮೇಲೆ. ಮಳೆಗಾಲದಲ್ಲಿ ಅಂಕೋಲಾ–ಯಲ್ಲಾಪುರ ನಡುವಿನ ಅರಬೈಲ್ ಘಾಟಿನಲ್ಲೂ ಲಾರಿ ಸಾಲು ನಿಂತರೆ ತಾಸುಗಟ್ಟಲೆ ಕದಲುವುದಿಲ್ಲ.

ರಾಜಸ್ಥಾನದ ಸುತ್ತು

ಹೆದ್ದಾರಿ 52 ಹಿಡಿದು ಸೊಲ್ಲಾಪುರ (ಸುಮಾರು 300 ಕಿಮೀ), ಛತ್ರಪತಿ ಸಂಭಾಜಿನಗರ–ಎಲ್ಲೋರಾ (ಇನ್ನೂ 310–340), ಧುಳೆ, ಮಾಂಡು, ಇಂದೋರ್, ಉಜ್ಜಯಿನಿ, ಕೋಟಾ, ಬೂಂದಿ, ಜೈಪುರ. ಹುಬ್ಬಳ್ಳಿಯಿಂದ ಜೈಪುರದವರೆಗೆ ಅಂದಾಜು 1,600 ಕಿಮೀ. ಅಲ್ಲಿಂದ ಜೋಧಪುರ 335, ಜೈಸಲ್ಮೇರ್ 285, ಉದಯಪುರ 490, ಅಹಮದಾಬಾದ್ 260, ಸೂರತ್, ಪುಣೆ, ಕೊಲ್ಹಾಪುರದ ಮೇಲೆ ಹುಬ್ಬಳ್ಳಿ 1,100. ಊರೊಳಗಿನದು ಕೂಡಿ 4,500 ಕಿಮೀ. ಮೇಲಿನ ಲೆಕ್ಕಕ್ಕೆ ಇದು ಸಾವಿರ ಕಿಲೋಮೀಟರ್ ಹೆಚ್ಚು. ಒಬ್ಬರೇ ಓಡಿಸುವುದಾದರೆ ಮೂರು ವಾರಕ್ಕೆ ಇದನ್ನು ಪೂರ್ತಿ ಹಿಡಿಯಬೇಡಿ.

ಜೈಪುರ ಬಿಟ್ಟುಕೊಟ್ಟರೆ ದಾರಿ ಸಲೀಸಾಗುತ್ತದೆ. ಇಂದೋರಿನಿಂದ ರತ್ಲಾಂ, ಮಂದಸೌರ್, ನೀಮಚ್‌ನ ಮೇಲೆ ಚಿತ್ತೋಡಗಢಕ್ಕೆ ಸುಮಾರು 310 ಕಿಮೀ, ಅಲ್ಲಿಂದ ಉದಯಪುರ 115, ರಾಣಕಪುರದ ಮೇಲೆ ಜೋಧಪುರ 250, ಜೈಸಲ್ಮೇರ್ 285, ಬಾಡಮೇರ್ ದಾಟಿ ಅಹಮದಾಬಾದ್ 540, ಮರಳಿ ಮನೆ. ಒಟ್ಟು 3,900. ಇನ್ನೂ ತುಸು ಹೆಚ್ಚೇ, ಆದರೆ 23–24 ದಿನವಿದ್ದರೆ ಆರಾಮ. ಕೋಟೆ, ಕೆರೆ, ಮರಳು ಮೂರೂ ಇದರಲ್ಲಿವೆ. ಜೈಪುರಕ್ಕೆ ಇನ್ನೊಮ್ಮೆ ರೈಲಿನಲ್ಲಿ ಹೋಗಬಹುದು, ಜೈಸಲ್ಮೇರ್‌ನ ಮರುಭೂಮಿ ರಸ್ತೆ ಸುಖ ಕೊಡುವುದು ಸ್ವಂತ ಗಾಡಿಯಲ್ಲೇ.

ಹೋಗುವ ದಾರಿ ಈ ಸುತ್ತಿನ ಬಲ: ಗೋಳಗುಮ್ಮಟ, ಎಲ್ಲೋರಾ, ಮಾಂಡು, ಉಜ್ಜಯಿನಿ ಎಲ್ಲವೂ ಹೆದ್ದಾರಿಯ ಮೇಲೆ ಅಥವಾ ಪಕ್ಕದಲ್ಲೇ. ಬರುವ ದಾರಿ ಇದರ ದೌರ್ಬಲ್ಯ: ಅಹಮದಾಬಾದಿನಿಂದ ಕೊಲ್ಹಾಪುರದವರೆಗೆ ಸುಮಾರು 900 ಕಿಮೀ ಬರೀ ದಾಟುವ ದಾರಿ. ಸೂರತ್‌ನಿಂದ ಠಾಣೆಯವರೆಗೆ ಲಾರಿಗಳ ಸಾಲು, ಸಾತಾರಾ–ಕೊಲ್ಹಾಪುರದ ನಡುವೆ ಅಗಲೀಕರಣದ ಡೈವರ್ಷನ್‌ಗಳು. ಈ ಭಾಗಕ್ಕೆ ಮೂರು ದಿನ ಕೊಡಿ. ಮನೆ ಹತ್ತಿರ ಬಂತೆಂದು ಎರಡೇ ದಿನದಲ್ಲಿ ಎಳೆಯಲು ಹೋದಾಗಲೇ ನಿದ್ದೆ ಮಂಪರು ಹತ್ತುವುದು.

ಎಲ್ಲೋರಾ ಮಂಗಳವಾರ, ಅಜಂತಾ ಸೋಮವಾರ ಮುಚ್ಚಿರುತ್ತವೆ. ಹುಬ್ಬಳ್ಳಿ ಬಿಡುವ ವಾರವನ್ನು ಇದರ ಮೇಲೆ ನಿರ್ಧರಿಸಿ: ಮಂಗಳವಾರ ಬೆಳಗ್ಗೆ ಹೊರಟು ಸೊಲ್ಲಾಪುರದಲ್ಲಿ ತಂಗಿದರೆ ಬುಧವಾರ ಸಂಜೆ ಎಲ್ಲೋರಾ ಪಕ್ಕದಲ್ಲಿರುತ್ತೀರಿ, ಗುರುವಾರ ಇಡೀ ದಿನ ಗುಹೆಗಳಿಗೆ. ಹುಬ್ಬಳ್ಳಿಯಿಂದ ನವಲಗುಂದ, ನರಗುಂದ, ಕೆರೂರು, ಕೊಲ್ಹಾರದ ಮೇಲೆ ವಿಜಯಪುರದ ತನಕ ರಸ್ತೆ ನಿಧಾನ, ಅಲ್ಲಿಂದ ಮುಂದೆ ವೇಗ ಸಿಗುತ್ತದೆ. ಎಲ್ಲೋರಾ ದಾಟಿ ಚಾಳೀಸಗಾಂವ್‌ಗೆ ಇಳಿಯುವ ಘಾಟು ಇಕ್ಕಟ್ಟು. ಹಗಲಲ್ಲೇ ದಾಟಿ.

ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಹವೆ ಚೆನ್ನ. ಆದರೆ ದೀಪಾವಳಿಯ ಮರುವಾರ ಹೋಗಲೇಬೇಡಿ. ಆ ವಾರ ಗುಜರಾತಿನ ಅಂಗಡಿಗಳು ಮುಚ್ಚಿ ಮನೆ ಮಂದಿಯೆಲ್ಲ ಪ್ರವಾಸ ಹೊರಡುತ್ತಾರೆ, ಉದಯಪುರ, ಜೈಸಲ್ಮೇರ್, ಕಛ್‌ನಲ್ಲಿ ಕೋಣೆಯ ದರ ಎರಡು ಪಟ್ಟಾಗುತ್ತದೆ. ನಮ್ಮ ಅಂಗಡಿಕಾರರಿಗೂ ಅದೇ ವಾರ ಬಿಡುವು ಸಿಗುವುದರಿಂದ ಈ ಎಚ್ಚರ ಮುಖ್ಯ: ಹತ್ತು ದಿನ ತಡೆದು ಹೊರಡಿ. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಜೈಪುರದ ಕಡೆ ಬೆಳಗಿನ ಮಂಜು ಒಂಬತ್ತರವರೆಗೂ ಬಿಡುವುದಿಲ್ಲ, ಹೊರಡುವ ಹೊತ್ತು ಹಿಂದೆ ಹಾಕಬೇಕು. ಮೇ ತಿಂಗಳಲ್ಲಿ ಈ ಸುತ್ತು ಬೇಡವೇ ಬೇಡ.

ಬೂಂದಿ, ಜೋಧಪುರ, ಉದಯಪುರದ ಹಳೆಯ ಪೇಟೆಗಳಲ್ಲಿ ಕಾರು ತಿರುಗುವಷ್ಟು ಜಾಗವಿಲ್ಲ. ಚಂದದ ಹವೇಲಿ ಹೋಟೆಲುಗಳೆಲ್ಲ ಅಲ್ಲೇ ಇರುವುದರಿಂದ ಕಾಯ್ದಿರಿಸುವಾಗ ಫೋನ್ ಮಾಡಿ, ಗಾಡಿ ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಸಾಮಾನು ಹೇಗೆ ಬರುತ್ತದೆ ಎಂದು ಕೇಳಿ. ಗುಜರಾತಿನಲ್ಲಿ ಪಾನನಿಷೇಧ ಇದೆ. ಗೋವಾದಿಂದಲೋ ನಮ್ಮಲ್ಲಿಂದಲೋ ತಂದ ಒಂದು ಬಾಟಲಿ ಡಿಕ್ಕಿಯಲ್ಲಿದ್ದರೂ ಗಡಿ ತಪಾಸಣೆಯಲ್ಲಿ ದೊಡ್ಡ ತೊಂದರೆ.

ಪುರಿಯ ದಾರಿ

ಗದಗಿನವರಿಗೆ ಮನೆ ಬಾಗಿಲಿನಿಂದಲೇ ಶುರುವಾಗುವ ದಾರಿ ಇದು. ಹೊಸಪೇಟೆ, ಬಳ್ಳಾರಿ, ಕರ್ನೂಲು, ದೋರ್ನಾಲದ ಕಾಡಿನ ಮೇಲೆ ಶ್ರೀಶೈಲ, ಅಲ್ಲಿಂದ ವಿಜಯವಾಡ, ಹೆದ್ದಾರಿ 16 ಹಿಡಿದು ವಿಶಾಖಪಟ್ಟಣ, ಚಿಲಿಕಾ, ಪುರಿ, ಕೋಣಾರ್ಕ, ಭುವನೇಶ್ವರ. ಅರಕು ಕಣಿವೆಯೂ ಸೇರಿ ಹೋಗಿ ಬರಲು 3,500 ಕಿಮೀ. ನಮ್ಮ ಅಳತೆಗೆ ಸರಿಯಾಗಿ ಕೂಡುತ್ತದೆ.

ತೊಂದರೆ ಎಂದರೆ ಇದು ಸುತ್ತಲ್ಲ, ಹೋದ ದಾರಿಯಲ್ಲೇ ತಿರುಗಿ ಬರಬೇಕು. ವಿಶಾಖಪಟ್ಟಣ–ವಿಜಯವಾಡದ 350 ಕಿಮೀ ಎರಡು ಸಲ, ವಿಜಯವಾಡದಿಂದ ಹುಬ್ಬಳ್ಳಿಗೆ ಬರುವ 700 ಕಿಮೀಯಲ್ಲೂ ಹೊಸದಾಗಿ ನೋಡುವುದು ಕಡಿಮೆ. ದಾಟುವ ದಾರಿ ಮೂರನೇ ಒಂದು ಭಾಗ ಮೀರುತ್ತದೆ. ಆದರೆ ವಯಸ್ಸಾದವರಿಗೆ ಇಲ್ಲೊಂದು ಅನುಕೂಲವಿದೆ. ವಾಸ್ಕೋದಿಂದ ಹೊರಡುವ ಅಮರಾವತಿ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ಗದಗ, ವಿಜಯವಾಡದ ಮೇಲೆ ಭುವನೇಶ್ವರಕ್ಕೆ ಹೋಗುತ್ತದೆ, ವಾರದ ಎಲ್ಲ ದಿನ ಇಲ್ಲ. ಹಿರಿಯರನ್ನು ಅದರಲ್ಲಿ ಕಳಿಸಿ, ಗಾಡಿಯವರು ಮುಂಚೆ ಹೋಗಿ ಭುವನೇಶ್ವರದಲ್ಲಿ ಎದುರುಗೊಂಡರೆ ಮಂಡಿನೋವಿನವರಿಗೂ ಪುರಿ, ಕೋಣಾರ್ಕ ಎರಡೂ ಸುಲಭ. ಪುರಿಯಿಂದ ಕೋಣಾರ್ಕ ಬರೀ 35 ಕಿಮೀ.

ಶ್ರೀಶೈಲದ ಕಾಡಿನ ಗೇಟು ರಾತ್ರಿ ಮುಚ್ಚುತ್ತದೆ. ಕರ್ನೂಲಿನಿಂದ ಮಧ್ಯಾಹ್ನ ಎರಡರೊಳಗೆ ಬಿಡಿ. ಯುಗಾದಿಯ ಹಿಂದಿನ ಎರಡು ವಾರ ನಮ್ಮ ಕಡೆಯ ಪಾದಯಾತ್ರಿಗಳೇ ಆ ರಸ್ತೆಯುದ್ದಕ್ಕೂ ನಡೆಯುತ್ತಿರುತ್ತಾರೆ, ಆಗ ಗಾಡಿಯವರು ಬೇರೆ ವಾರ ನೋಡಿಕೊಳ್ಳುವುದು ಒಳ್ಳೆಯದು. ಅಕ್ಟೋಬರ್‌ನಿಂದ ಡಿಸೆಂಬರ್ ಮೊದಲ ವಾರದವರೆಗೆ ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲ, ರಥಯಾತ್ರೆಯ ಹೊತ್ತಿನಲ್ಲಿ ಪುರಿಗೆ ಕಾರು ಒಯ್ಯುವುದು ವ್ಯರ್ಥ. ಜನವರಿ, ಫೆಬ್ರವರಿ ಸರಿಯಾದ ಕಾಲ. ಚಿಲಿಕಾದ ವಲಸೆ ಹಕ್ಕಿಗಳೂ ಆಗ ಇರುತ್ತವೆ.

ಸ್ವಂತ ಗಾಡಿ, ಬಾಡಿಗೆ ಗಾಡಿ, ರೈಲು

ಚಾಲಕ ಸಹಿತ ಯಲ್ಲೋ ಬೋರ್ಡ್ ಗಾಡಿ ಹಿಡಿಯುವವರು ಕಿಮೀ ದರವನ್ನಷ್ಟೇ ಕೇಳಿ ಬರುತ್ತಾರೆ. ಕೇಳಬೇಕಾದದ್ದು ದಿನದ ಕನಿಷ್ಠ ಕಿಮೀ. ಅದು ಸಾಮಾನ್ಯವಾಗಿ 250 ಅಥವಾ 300. ಕಿಮೀಗೆ 15 ರೂಪಾಯಿ, ಕನಿಷ್ಠ 300 ಎಂದರೆ 21 ದಿನಕ್ಕೆ 6,300 ಕಿಮೀ ದುಡ್ಡು ಕೊಡಬೇಕು, ನೀವು ಓಡಿಸಿದ್ದು 3,000 ಆದರೂ. ಅದೇ 94,500 ರೂಪಾಯಿ, ದಿನಕ್ಕೆ 500ರಂತೆ ಭತ್ತೆ 10,500, ಒಟ್ಟು 1,05,000. ಟೋಲ್, ಪಾರ್ಕಿಂಗ್, ಅಂತರರಾಜ್ಯ ಪರ್ಮಿಟ್ ಯಾರದ್ದು ಎಂದು ಬರೆಸಿಕೊಳ್ಳಿ. ದಕ್ಷಿಣದ ನಿಧಾನ ಸುತ್ತಿಗೆ ಈ ಲೆಕ್ಕ ಬಲು ನಷ್ಟ, 4,500 ಕಿಮೀಯ ರಾಜಸ್ಥಾನಕ್ಕೆ ಅಷ್ಟು ನೋಯುವುದಿಲ್ಲ. ಇಡೀ ಪ್ರವಾಸಕ್ಕೆ ಒಂದೇ ಮೊತ್ತ ಮಾತಾಡಿಕೊಳ್ಳುವುದು ಎರಡಕ್ಕೂ ಮೇಲು. ಪರಿಚಯದವರ ವೈಟ್ ಬೋರ್ಡ್ ಗಾಡಿಯನ್ನು ದುಡ್ಡು ಕೊಟ್ಟು ಒಯ್ಯಬೇಡಿ. ಬಾಡಿಗೆಗೆ ಓಡಿಸಿದ್ದು ತಿಳಿದರೆ ಅಪಘಾತದ ಹೊತ್ತಿಗೆ ವಿಮೆ ಕೈಕೊಡುತ್ತದೆ.

ರೈಲು ಮತ್ತು ಬಾಡಿಗೆ ಗಾಡಿಯ ಜೋಡಿ ರಾಜಸ್ಥಾನಕ್ಕೆ ಬಹಳ ಒಪ್ಪುತ್ತದೆ. ಬೆಂಗಳೂರು–ಜೋಧಪುರ, ಮೈಸೂರು–ಅಜ್ಮೇರ್ ರೈಲುಗಳು ಹುಬ್ಬಳ್ಳಿಯ ಮೇಲೆಯೇ ಹೋಗುತ್ತವೆ. ಜೋಧಪುರದಲ್ಲಿ ಇಳಿದು ಹತ್ತು–ಹನ್ನೆರಡು ದಿನಕ್ಕೆ ಗಾಡಿ ಹಿಡಿದರೆ ದಾಟುವ ದಾರಿಯ ಆಯಾಸ ಪೂರ್ತಿ ತಪ್ಪುತ್ತದೆ, ಎರಡೇ ವಾರದ ರಜೆಯಲ್ಲೂ ಕೆಲಸ ಮುಗಿಯುತ್ತದೆ. ಕಳೆದುಕೊಳ್ಳುವುದು ಎಲ್ಲೋರಾ ಮತ್ತು ಮಾಳ್ವ. ಸ್ವತಃ ಓಡಿಸುವ ಬಾಡಿಗೆ ಗಾಡಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರಬೇಕು. ಕೀಲಿ ಇಸಿದುಕೊಳ್ಳುವ ಮುನ್ನ ಸುತ್ತ ನಡೆದು ಗೀರು, ಟಯರು, ಸ್ಟೆಪ್ನಿ, ಮೀಟರ್ ಎಲ್ಲವನ್ನೂ ವಿಡಿಯೋ ಮಾಡಿಕೊಳ್ಳಿ. ಡಿಪಾಸಿಟ್ ಹಿಡಿದುಕೊಳ್ಳುವ ಜಗಳಗಳೆಲ್ಲ ಹಳೆಯ ಗೀರಿನ ಮೇಲೆಯೇ.

ಸ್ವಂತ ಗಾಡಿ ಸಿಎನ್‌ಜಿಯದಾದರೆ ಗುಜರಾತಿನಲ್ಲಿ ಸುಖ, ಪಶ್ಚಿಮ ರಾಜಸ್ಥಾನದಲ್ಲಿ ಪೆಟ್ರೋಲಿನ ಮೇಲೇ ಹೋಗುವ ಲೆಕ್ಕ ಇಟ್ಟುಕೊಳ್ಳಿ. ಅದಕ್ಕಿಂತ ದೊಡ್ಡ ಅಡಚಣೆ ಡಿಕ್ಕಿಯದು. ಸಿಲಿಂಡರ್ ಕೂತ ಮೇಲೆ ನಾಲ್ವರ ಮೂರು ವಾರದ ಬಟ್ಟೆ ಹಿಡಿಯುವುದಿಲ್ಲ, ಮೇಲೆ ಕ್ಯಾರಿಯರ್ ಹಾಕಿದರೆ ಮೈಲೇಜ್ ಇಳಿಯುತ್ತದೆ. ಎಲೆಕ್ಟ್ರಿಕ್ ಕಾರಿನವರು ಮೂರರಲ್ಲಿ ದಕ್ಷಿಣವನ್ನೇ ಹಿಡಿಯಲಿ.

ಯಾರಿಗೆ ಯಾವುದು

ಶಾಲೆಯ ಮಕ್ಕಳೊಂದಿಗೆ ಏಪ್ರಿಲ್–ಮೇನಲ್ಲೇ ಹೊರಡಬೇಕಾದವರಿಗೆ ದಕ್ಷಿಣದ ಸುತ್ತೊಂದೇ ಉಳಿಯುತ್ತದೆ. ಅದನ್ನೂ ತಿರುಚಿಕೊಳ್ಳಿ: ತಂಜಾವೂರು, ಮದುರೈಗಳಿಗೆ ಒಂದೊಂದೇ ರಾತ್ರಿ, ಯೇರ್ಕಾಡು, ಕೊಡೈಕೆನಾಲ್, ಮುನ್ನಾರ್‌ಗೆ ಮೂರು ಮೂರು ರಾತ್ರಿ. ರಾಮೇಶ್ವರದ ಮರಳಿನಲ್ಲಿ ಮೇ ತಿಂಗಳ ಮಧ್ಯಾಹ್ನ ಮಕ್ಕಳನ್ನು ನಡೆಸಬೇಡಿ.

ಒಕ್ಕಲು ಮನೆಯವರು ಫೆಬ್ರವರಿ ಕೊನೆಗೆ ಬಿಡುವಾದರೆ ದಕ್ಷಿಣ ಅಥವಾ ಪುರಿ ಎರಡೂ ಆಗುತ್ತವೆ. ದೇವರ ದರ್ಶನ ಮುಖ್ಯವಾದರೆ, ಹಿರಿಯರೂ ಜೊತೆಗಿದ್ದರೆ, ಪುರಿ. ಗಾಡಿ ಓಡಿಸುವ ಖುಷಿಯೇ ಮುಖ್ಯವಾದರೆ ಖಂಡಿತ ದಕ್ಷಿಣ. ಇಬ್ಬರು ಚಾಲಕರಿದ್ದು, ಚಳಿಗಾಲದಲ್ಲಿ ಪೂರ್ತಿ 24 ದಿನ ಸಿಕ್ಕುವವರು ಯೋಚನೆ ಮಾಡದೆ ಹೆದ್ದಾರಿ 52 ಹಿಡಿಯಲಿ. ಮೂರರಲ್ಲಿ ಅತಿ ಶ್ರೀಮಂತವಾದ ದಾರಿ ಅದೇ, ಮತ್ತೆ ಮತ್ತೆ ಮಾಡಲಾಗದ್ದು. ಒಬ್ಬರೇ ಚಾಲಕರಾಗಿ ರಾಜಸ್ಥಾನವೇ ಬೇಕೆಂದರೆ ಜೋಧಪುರ ರೈಲು.

ಶುದ್ಧ ಸಸ್ಯಾಹಾರಿಗಳಿಗೆ ಮಾಳ್ವ, ರಾಜಸ್ಥಾನ, ಗುಜರಾತಿನಲ್ಲಿ ಎಲ್ಲೂ ಹುಡುಕಾಟವಿಲ್ಲ, ತಮಿಳುನಾಡಿನಲ್ಲೂ ಇಲ್ಲ. ಕೇರಳದ ಹೆದ್ದಾರಿ ಮತ್ತು ಆಂಧ್ರ–ಒಡಿಶಾ ಕರಾವಳಿಯಲ್ಲಿ ಊಟದ ಊರನ್ನು ಬೆಳಗ್ಗೆಯೇ ಗೊತ್ತು ಮಾಡಿಕೊಳ್ಳಬೇಕು. ಬುತ್ತಿಯ ವಿಷಯಕ್ಕೂ ಹವೆ ನೋಡಬೇಕು: ಕಡಕ್ ರೊಟ್ಟಿ ರಾಜಸ್ಥಾನದ ಒಣ ಹವೆಯಲ್ಲಿ ಎರಡು ವಾರ ಕಡಕ್ ಇರುತ್ತದೆ, ಕೇರಳದ ತೇವಕ್ಕೆ ವಾರದೊಳಗೆ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಲ್ಲ ಕಡೆ ಬಾಳುತ್ತವೆ.

ಹೊರಡುವ ಮುನ್ನ ಗಾಡಿ

ಸರ್ವಿಸ್ ಹೊರಡುವ ಹಿಂದಿನ ದಿನ ಮಾಡಿಸಬೇಡಿ. ಹತ್ತು ದಿನ ಮೊದಲು ಮಾಡಿಸಿ, ನಡುವೆ ಒಮ್ಮೆ ದಾಂಡೇಲಿಯೋ ಬಾದಾಮಿಯೋ ಹೋಗಿ ಬನ್ನಿ. ಸಡಿಲು ಬಿಟ್ಟ ಬೋಲ್ಟು, ಸೋರುವ ಆಯಿಲ್ ಫಿಲ್ಟರ್ ಮೊದಲ 200 ಕಿಮೀಯಲ್ಲೇ ಗೊತ್ತಾಗುತ್ತವೆ. ಬ್ರೇಕ್ ಪ್ಯಾಡು ಅರ್ಧಕ್ಕಿಂತ ಸವೆದಿದ್ದರೆ ಬದಲಿಸಿ, ಕೂಲಂಟ್ ಮಟ್ಟ ತಣ್ಣಗಿರುವಾಗ ನೋಡಿ. ಟಯರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ: 2321 ಎಂದಿದ್ದರೆ 2021ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ್ದರೆ ಹಲ್ಲು ಚೆನ್ನಾಗಿ ಕಂಡರೂ ಹೊಸದು ಹಾಕಿಸಿ, ಬಿಸಿಲಿನ ಹೆದ್ದಾರಿಯಲ್ಲಿ ಸಿಡಿಯುವುದು ಇಂಥವೇ. ಗಾಳಿಯನ್ನು ಬೆಳಗ್ಗೆ, ಗಾಡಿ ಓಡುವ ಮುನ್ನ, ಬಾಗಿಲ ಪಕ್ಕದ ಚೀಟಿಯಲ್ಲಿ ಪೂರ್ಣ ಭಾರಕ್ಕೆ ಬರೆದಷ್ಟು ತುಂಬಿಸಿ. ಬಿಸಿಲಿದೆ ಎಂದು ಕಡಿಮೆ ಹಾಕಿಸಿದರೆ ಟಯರು ಇನ್ನಷ್ಟು ಕಾಯುತ್ತದೆ. ಘಾಟು ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ.

ಟೋಲ್‌ಗೆ 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ. ಖಾಸಗಿ ಕಾರಿಗೆ ಮಾತ್ರ, 200 ಟೋಲ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಶುರುವಾದಾಗ ದರ 3,000 ರೂಪಾಯಿ ಇತ್ತು. ಒಂದು ಟೋಲಿಗೆ ಸರಾಸರಿ 80 ರೂಪಾಯಿ ಹಿಡಿದರೆ 38ನೇ ಟೋಲಿಗೆ ಪಾಸಿನ ದುಡ್ಡು ಹುಟ್ಟುತ್ತದೆ, ರಾಜಸ್ಥಾನದ ಸುತ್ತಿನಲ್ಲಿ ಅದು ಸುಲಭ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಂಥ ರಾಜ್ಯದ ರಸ್ತೆಗಳಿಗೆ, ನೈಸ್ ರಸ್ತೆಗೆ ಇದು ನಡೆಯುವುದಿಲ್ಲ, ಟ್ಯಾಗಿನಲ್ಲಿ ಬೇರೆ ದುಡ್ಡು ಇರಲೇಬೇಕು. ಟೋಲ್ ಗೇಟಿನ ಮುಂದೆ ನಿಂತು ರೀಚಾರ್ಜ್ ಮಾಡುವ ಬದಲು ಹಿಂದಿನ ರಾತ್ರಿಯೇ ಮಾಡಿ. ಆಂಧ್ರ, ತೆಲಂಗಾಣ, ಕೇರಳ, ಮಧ್ಯಪ್ರದೇಶಗಳಲ್ಲಿ ಪೆಟ್ರೋಲ್ ನಮ್ಮಲ್ಲಿಗಿಂತ ದುಬಾರಿ, ಗುಜರಾತಿನಲ್ಲಿ ಅಗ್ಗ. ಗಡಿಯ ಹಿಂದೆಯೋ ಮುಂದೆಯೋ ಟ್ಯಾಂಕ್ ತುಂಬಿಸುವುದನ್ನು ಅದರಂತೆ ನೋಡಿಕೊಳ್ಳಿ.

ನಮ್ಮದೇ ಸೀಮೆಯ ಎರಡು ಅಪಾಯಗಳು ಮ್ಯಾಪಿನಲ್ಲಿ ಕಾಣುವುದಿಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕಬ್ಬಿನ ಹಂಗಾಮು. ವಿಜಯಪುರ, ಬೆಳಗಾವಿ, ಕೊಲ್ಹಾಪುರದ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಹಿಂದಿನ ದೀಪವಿಲ್ಲದೆ ಹೋಗುತ್ತವೆ, ಕತ್ತಲಾದ ಮೇಲೆ ಹಿಂದಿನಿಂದ ಗುದ್ದುವವರೆಗೂ ಕಾಣುವುದಿಲ್ಲ. ಹೊರಡುವ ದಿನವೂ ಮನೆ ಮುಟ್ಟುವ ದಿನವೂ ಸೂರ್ಯಾಸ್ತದೊಳಗೆ ಆ ತುಣುಕು ದಾಟುವಂತೆ ಹೊತ್ತು ಹೊಂದಿಸಿ. ಇನ್ನೊಂದು, ಒಳರಸ್ತೆಗಳ ಮೇಲೆ ರಾಶಿಗೆ ಹಾಸಿದ ಹುರುಳಿ, ಜೋಳ. ಒಣ ಬಳ್ಳಿ ಗಾಡಿಯ ಅಡಿಗೆ ಸುತ್ತಿಕೊಂಡು ಕಾದ ಸೈಲೆನ್ಸರಿಗೆ ತಾಗಿದರೆ ಬೆಂಕಿ ಹೊತ್ತುತ್ತದೆ. ಪಕ್ಕಕ್ಕೆ ಜಾಗವಿದ್ದರೆ ಹಾಸಿದ ಬೆಳೆಯ ಮೇಲೆ ಹೋಗಲೇಬೇಡಿ. ಹೋಗಲೇಬೇಕಾಗಿ ಬಂದರೆ ದಾಟಿದ ಕೂಡಲೇ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಬಗ್ಗಿ ನೋಡಿ, ಸಿಕ್ಕಿಕೊಂಡದ್ದನ್ನು ಕೋಲಿನಿಂದ ಎಳೆದು ತೆಗೆಯಿರಿ. ಒಂದು ಕಿಲೋದ ಬೆಂಕಿ ನಂದಿಸುವ ಸಿಲಿಂಡರ್ ಡಿಕ್ಕಿಯಲ್ಲಿ ಸಾಮಾನಿನ ಕೆಳಗೆ ಹೂತುಹೋಗದಂತೆ, ಚಾಲಕನ ಸೀಟಿನ ಕೈಗೆ ಸಿಗುವ ಕಡೆ ಇಡಿ.